ವೋಚರಿನ ಹಿಂಬದಿ ತಿರುಗಿಸಿ ತೋರಿಸಿದವರಿಗೆ

ದೂರು ನೋಂದಣಿಯಾಗಿದೆ. ವಿವರಣೆ ಕೇಳಿ ಲೋಕಾಯುಕ್ತ ಕಚೇರಿಯಿಂದ ಪತ್ರವೂ ಹೋಗಿದೆ. ಓಡಾಡದ ದಾರಿಗೆ ಪ್ರಯಾಣ ಭತ್ಯೆ ಪಡೆದ ಜನಪ್ರತಿನಿಧಿಯೊಬ್ಬರ ವಿಷಯ ಇದು. ಯಾರು, ಯಾವ ಸಂಸ್ಥೆ ಅಂತ ಇಲ್ಲಿ ಬರೆಯುವುದಿಲ್ಲ. ವಿಚಾರಣೆ ಮುಗಿಯುವ ತನಕ ಅದು ಆರೋಪವೇ. ಇಷ್ಟು ದೂರ ಬರಲು ಮಂಡ್ಯದಲ್ಲೂ ಮೈಸೂರಿನಲ್ಲೂ ಕೈಜೋಡಿಸಿದವರಿಗೆ ಮಾತ್ರ ಈಗಲೇ ಧನ್ಯವಾದ ಹೇಳಬೇಕು. ಯಾರ ಸಹಾಯದಿಂದ ಏನಾಯಿತು ಅಂತ ಬಿಡಿಸಿ ಹೇಳಿದರೆ, ನಾಳೆ ಇದೇ ಕೆಲಸಕ್ಕೆ ಕೈ ಹಾಕುವವರಿಗೂ ಅನುಕೂಲ.

ಮೊದಲ ನಮಸ್ಕಾರ ನಿವೃತ್ತ ಲೆಕ್ಕ ಅಧೀಕ್ಷಕರಿಗೆ. ಅವರು ಹೇಳಿಕೊಟ್ಟಿದ್ದು ಒಂದೇ ಮಾತು: ‘ವೋಚರನ್ನು ತಿರುಗಿಸಿ ನೋಡಿ.’ ಪ್ರಯಾಣ ಭತ್ಯೆ ಬಿಲ್ಲಿನ ಮುಂಬದಿಯಲ್ಲಿ ದಿನಾಂಕ, ಹೊರಟ ಊರು, ತಲುಪಿದ ಊರು, ಕಿಲೋಮೀಟರ್, ದರ, ಮೊತ್ತ ಇರುತ್ತವೆ. ಎಲ್ಲರ ಕಣ್ಣೂ ಮೊತ್ತಕ್ಕೇ ಹೋಗುತ್ತದೆ. ಹಿಂಬದಿಯಲ್ಲೋ ಕೊನೆಯ ಹಾಳೆಯಲ್ಲೋ ಸಣ್ಣ ಅಕ್ಷರದಲ್ಲಿ ಒಂದು ದೃಢೀಕರಣ ಇರುತ್ತದೆ: ಈ ಪ್ರಯಾಣ ನಿಜವಾಗಿ ಮಾಡಿದ್ದೇನೆ, ಸರ್ಕಾರಿ ವಾಹನ ಬಳಸಿಲ್ಲ, ಇದೇ ಪ್ರಯಾಣಕ್ಕೆ ಬೇರೆ ಕಡೆಯಿಂದ ಭತ್ಯೆ ಪಡೆದಿಲ್ಲ. ಅದರ ಕೆಳಗೆ ಸಹಿ. ಕೇಸು ನಿಲ್ಲುವುದು ಆ ಸಹಿಯ ಮೇಲೆ. ಮೊತ್ತ ತಪ್ಪಾಗಿದ್ದರೆ ‘ಗುಮಾಸ್ತರು ಕೂಡಿಸುವಾಗ ತಪ್ಪಿದರು’ ಅನ್ನಬಹುದು. ತಾನೇ ಸಹಿ ಹಾಕಿದ ದೃಢೀಕರಣ ಸುಳ್ಳಾದರೆ ಆ ದಾರಿ ಮುಚ್ಚುತ್ತದೆ.

ಜೆರಾಕ್ಸ್ ಮಾಡಿಕೊಡುವಾಗ ಸಾಮಾನ್ಯವಾಗಿ ಮುಂಬದಿ ಮಾತ್ರ ಬರುತ್ತದೆ. ಅದಕ್ಕೇ ಮಾಹಿತಿ ಹಕ್ಕು ಅರ್ಜಿಯಲ್ಲಿ ‘ಎರಡೂ ಬದಿಯ, ಲಗತ್ತುಗಳ ಸಮೇತ, ದೃಢೀಕೃತ ಪ್ರತಿ’ ಎಂದು ಬರೆಯಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಭತ್ಯೆ ಬಿಲ್ಲಿಗೆ ಒಂದು ಅರ್ಜಿ, ವಾಹನದ ಲಾಗ್ ಬುಕ್ಕಿಗೆ ಇನ್ನೊಂದು, ಸಭೆಯ ಹಾಜರಾತಿ ಮತ್ತು ನಡವಳಿಗೆ ಮತ್ತೊಂದು. ಪ್ರತಿಯೊಂದಕ್ಕೂ 10 ರೂಪಾಯಿಯ ಪೋಸ್ಟಲ್ ಆರ್ಡರ್. ಪ್ರತಿಗೆ ಪುಟಕ್ಕೆ 2 ರೂಪಾಯಿ. ‘ಯಾಕೆ ಕೊಟ್ಟಿರಿ, ಯಾವ ಆಧಾರದಲ್ಲಿ ಕೊಟ್ಟಿರಿ’ ಎಂದು ಜಗಳದ ಧಾಟಿಯಲ್ಲಿ ಕೇಳಿದರೆ ‘ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ. ಕಾಗದದ ಹೆಸರು ಹೇಳಿ ಕಾಗದ ಕೇಳಬೇಕು, ಅಷ್ಟೇ.

30 ದಿನ ಕಳೆದರೂ ಉತ್ತರ ಬಾರದಿದ್ದಾಗ ಮೇಲ್ಮನವಿ ಬರೆದುಕೊಟ್ಟ ಕಾನೂನು ವಿದ್ಯಾರ್ಥಿನಿಯರನ್ನು ಇಲ್ಲೇ ನೆನೆಯಬೇಕು. ಮೊದಲ ಮೇಲ್ಮನವಿ ಸಲ್ಲಿಸಲು 30 ದಿನ, ಎರಡನೆಯದಕ್ಕೆ 90 ದಿನ. ಉತ್ತರದ ಗಡುವು ಮೀರಿದ ಮೇಲೆ ಕೊಡುವ ಮಾಹಿತಿಗೆ ದುಡ್ಡು ಕೇಳುವಂತಿಲ್ಲ ಎಂಬ, ಮಾಹಿತಿ ಹಕ್ಕು ಕಾಯ್ದೆಯ 7(6)ನೇ ಉಪಕಲಮನ್ನು ಹುಡುಕಿ ತೋರಿಸಿದವರೂ ಅವರೇ. ‘ವೈಯಕ್ತಿಕ ಮಾಹಿತಿ’ ಎಂಬ ಅಡ್ಡಗೋಡೆ ಈಗ ಇನ್ನಷ್ಟು ಎತ್ತರವಾಗಿದೆ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನೇ ತಿದ್ದಿದೆ. ಆದರೂ 8(2) ಹಾಗೇ ಉಳಿದಿದೆ: ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು. ‘ಬ್ಯಾಂಕ್ ಖಾತೆ ಸಂಖ್ಯೆ, ಪ್ಯಾನ್ ಸಂಖ್ಯೆಗೆ ಮಸಿ ಬಳಿದು ಉಳಿದದ್ದನ್ನು 10ನೇ ಕಲಮಿನಂತೆ ಕೊಡಿ’ ಎಂದು ನಾವೇ ಮುಂದಾಗಿ ಬರೆದರೆ ನಿರಾಕರಿಸುವ ನೆಪ ಅರ್ಧ ಕಡಿಮೆಯಾಗುತ್ತದೆ.

ಕಡತಕ್ಕೆ ಪುಟ ಸಂಖ್ಯೆ ಹಾಕಿಕೊಟ್ಟ ವಿಷಯ ನಿರ್ವಾಹಕರಿಗೆ (ಕಚೇರಿಯಲ್ಲಿ ಆ ಕಡತ ನೋಡಿಕೊಳ್ಳುವವರಿಗೆ) ಬೇರೆಯೇ ಒಂದು ವಂದನೆ. ಇದೇನು ಮಹಾ ಅನ್ನಿಸಬಹುದು. ಪುಟ ಸಂಖ್ಯೆಯಿಲ್ಲದ ಕಡತದಿಂದ ಒಂದು ಹಾಳೆ ಮಾಯವಾದರೆ ಅದು ಇತ್ತು ಅಂತ ಹೇಳಲು ಸಾಕ್ಷಿಯೇ ಇರುವುದಿಲ್ಲ. ಎಲ್ಲ ಕಚೇರಿಗಳಲ್ಲೂ ಕಳ್ಳರೇ ಕೂತಿದ್ದಾರೆ ಎಂದುಕೊಂಡು ಹೋಗುವವರು ಇಂಥವರ ಸಹಾಯವನ್ನು ಮೊದಲ ದಿನವೇ ಕಳೆದುಕೊಳ್ಳುತ್ತಾರೆ.

ಇನ್ನು ಲಾಗ್ ಬುಕ್. ಇದನ್ನು ಓದಲು ಕಲಿಸಿದ್ದು ಮೂವರು ನಿವೃತ್ತ ಚಾಲಕರು. ಈ ಕೆಲಸದಲ್ಲಿ ವಕೀಲರಿಗಿಂತ ಅವರ ಪಾಲೇ ದೊಡ್ಡದು ಅಂದರೆ ವಕೀಲರೂ ಬೇಜಾರು ಮಾಡಿಕೊಳ್ಳಲಾರರು. ಲಾಗ್ ಬುಕ್ಕಿನಲ್ಲಿ ಹೊರಟಾಗಿನ ಮೀಟರ್, ಬಂದಾಗಿನ ಮೀಟರ್, ಹೋದ ಜಾಗ, ಉದ್ದೇಶ, ಬಳಸಿದವರ ಸಹಿ, ತುಂಬಿಸಿದ ಡೀಸೆಲ್ ಇರಬೇಕು. ಮಂಡ್ಯದಿಂದ ಬೆಂಗಳೂರಿಗೆ ಹೋಗಿ ಬಂದರೆ ಹೆಚ್ಚುಕಡಿಮೆ 200 ಕಿ.ಮೀ. ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಗೆ 17 ಲೀಟರ್ ಹತ್ತಿರ ಸಾಕು. ಇಷ್ಟು ಲೆಕ್ಕ ಎಲ್ಲರೂ ಹಾಕುತ್ತಾರೆ, ಲಾಗ್ ಬುಕ್ ಬರೆಯುವವರೂ ಹಾಕಿಯೇ ಬರೆದಿರುತ್ತಾರೆ. ಪುಸ್ತಕ ಅಚ್ಚುಕಟ್ಟಾಗಿಯೇ ಇರುತ್ತದೆ. ಒಂದೇ ಪೆನ್ನು, ಒಂದೇ ಒತ್ತು, ತಿಂಗಳಿಡೀ ಒಂದೂ ಕಾಟು ಇಲ್ಲ ಅಂದರೆ ಒಂದೇ ಕೂತಿನಲ್ಲಿ ಬರೆದದ್ದು ಎಂದು ಚಾಲಕರ ಅನುಮಾನ. ಅನುಮಾನ ಸಾಕ್ಷಿಯಾಗುವುದಿಲ್ಲ. ಸಾಕ್ಷಿ ಇರುವುದು ಗ್ಯಾರೇಜಿನಲ್ಲಿ.

ಗಾಡಿ ಸರ್ವಿಸಿಗೆ ಹೋದಾಗ, ಟೈರ್ ಬದಲಾಯಿಸಿದಾಗ ಜಾಬ್ ಕಾರ್ಡಿನಲ್ಲಿ, ಅಂದರೆ ಗ್ಯಾರೇಜಿನ ಕೆಲಸದ ಚೀಟಿಯಲ್ಲಿ, ಆ ದಿನದ ಮೀಟರ್ ಓದು ಬರೆಯುತ್ತಾರೆ. ಬರೆಯುವವನಿಗೆ ಭತ್ಯೆ ಬಿಲ್ಲಿನ ಗೊಡವೆಯೇ ಇಲ್ಲ. ಸರ್ವಿಸ್ ಬಿಲ್ಲಿಗೆ ದುಡ್ಡು ಕೊಟ್ಟದ್ದು ಕಚೇರಿ, ಆದ್ದರಿಂದ ಅದರ ಪ್ರತಿ ಕಚೇರಿಯ ವೋಚರಿಗೆ ಅಂಟಿಕೊಂಡಿರುತ್ತದೆ. ಉದಾಹರಣೆಗೆ ಲಾಗ್ ಬುಕ್ಕಿನ ಪ್ರಕಾರ 5ನೇ ತಾರೀಕಿಗೆ ಮೀಟರ್ 84,200 ದಾಟಿರಬೇಕು. 9ನೇ ತಾರೀಕಿನ ಜಾಬ್ ಕಾರ್ಡ್ 81,650 ಅನ್ನುತ್ತದೆ. ಗಾಡಿ ಹಿಂದಕ್ಕೆ ಓಡುವುದಿಲ್ಲ! ಈ ಎರಡು ಹಾಳೆ ಅಕ್ಕಪಕ್ಕ ಇಟ್ಟರೆ ಭಾಷಣ ಬೇಕಾಗುವುದಿಲ್ಲ.

ಟೋಲ್ ವಿಷಯದಲ್ಲಿ ಎಡವುವ ಸಂಭವ ಜಾಸ್ತಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿ ಕಡೆ ಒಂದು ಟೋಲ್, ಶ್ರೀರಂಗಪಟ್ಟಣದ ಗಣಂಗೂರಿನಲ್ಲಿ ಇನ್ನೊಂದು. ಮಂಡ್ಯದಿಂದ ಬೆಂಗಳೂರಿಗೆ ಹೋಗುವ ಗಾಡಿ ಗಣಂಗೂರಿಗೆ ಸಿಕ್ಕುವುದೇ ಇಲ್ಲ, ಮಂಡ್ಯದಿಂದ ಮೈಸೂರಿಗೆ ಹೋಗುವುದು ಬಿಡದಿಗೆ ಸಿಕ್ಕುವುದಿಲ್ಲ. ಜೊತೆಗೆ ಸರ್ವಿಸ್ ರಸ್ತೆ ಹಿಡಿದವರಿಗೆ ಟೋಲೇ ಇಲ್ಲ. ಹಾಗಾಗಿ ‘ಫಾಸ್ಟ್ಯಾಗ್‌ನಲ್ಲಿ ದಾಖಲೆ ಇಲ್ಲ, ಅಂದರೆ ಹೋಗೇ ಇಲ್ಲ’ ಎಂದು ದೂರಿನಲ್ಲಿ ಬರೆದರೆ ಎದುರು ವಕೀಲರು ಒಂದೇ ನಿಮಿಷದಲ್ಲಿ ಉರುಳಿಸುತ್ತಾರೆ. ತಿರುಗಿಸಿ ಹೇಳಿದರೆ ಮಾತ್ರ ಗಟ್ಟಿ: ಅದೇ ಹೊತ್ತಿಗೆ ಅದೇ ಗಾಡಿ ಇನ್ನೊಂದು ಟೋಲಿನಲ್ಲಿ ದಾಟಿದ ದಾಖಲೆ ಇದೆ ಅನ್ನುವುದು. ಕಚೇರಿಯೇ ರೀಚಾರ್ಜ್ ಮಾಡಿಸುವ ಫಾಸ್ಟ್ಯಾಗ್ ಆದರೆ ಅದರ ಸ್ಟೇಟ್‌ಮೆಂಟ್ ಕಚೇರಿಯ ದಾಖಲೆ, ಕೇಳಬಹುದು. ಸ್ವಂತ ಕಾರಿನದ್ದು ನಮ್ಮ ಕೈಗೆ ಸಿಗುವುದಲ್ಲ, ತನಿಖಾಧಿಕಾರಿ ತರಿಸಿಕೊಳ್ಳಬೇಕು.

ಹಳೆಯ ಪತ್ರಿಕೆಗಳ ಕಟ್ಟು ಇಟ್ಟಿದ್ದ ಏಜೆಂಟರಿಗೂ ಧನ್ಯವಾದ. ವೈರಮುಡಿ ದಿನ ಮೇಲುಕೋಟೆಯಲ್ಲಿ ಶಾಲು ಹೊದ್ದು ನಿಂತ ಫೋಟೊ, ಅದೇ ತಾರೀಕಿಗೆ ಬೆಂಗಳೂರಿನ ಸಭೆಗೆ ಭತ್ಯೆ: ಇಂಥದ್ದು ಸಿಕ್ಕಿದರೆ ಯಾರಿಗಾದರೂ ಕೈ ತುರಿಸುತ್ತದೆ. ಆದರೆ ಬೆಳಿಗ್ಗೆ ಸಭೆ ಮುಗಿಸಿ ರಾತ್ರಿ ಉತ್ಸವಕ್ಕೆ ಬರುವುದು ಸಾಧ್ಯವೇ ಅಲ್ಲವೇ? ಫೋಟೊ ಜೊತೆಗೆ ಬೆಂಗಳೂರಿನ ಆ ಸಭೆಯ ಹಾಜರಾತಿ ಪುಸ್ತಕವೂ ಬೇಕು. ಸಭೆಯೇ ಮುಂದೂಡಿಕೆಯಾಗಿದ್ದರೆ ಆಗ ಫೋಟೊ ಇಲ್ಲದಿದ್ದರೂ ಪರವಾಗಿಲ್ಲ.

ದುರುಪಯೋಗದ ಬಗೆಗಳಲ್ಲಿ ಅತಿ ಸಾಮಾನ್ಯವಾದದ್ದು ‘ಉಂಡೂ ಹೋದ, ಕೊಂಡೂ ಹೋದ’ ಬಗೆ. ಸರ್ಕಾರಿ ಗಾಡಿಯಲ್ಲಿ ಹೋಗಿ ಸ್ವಂತ ಕಾರಿನ ಮೈಲೇಜ್ ಪಡೆಯುವುದು. ಒಂದೇ ದಿನದ ಒಂದೇ ಪ್ರಯಾಣಕ್ಕೆ ಸ್ಥಳೀಯ ಸಂಸ್ಥೆಯಿಂದಲೂ ನಿಗಮ ಮಂಡಳಿಯಿಂದಲೂ ಬಿಲ್ ಮಾಡುವುದು. ವಾಸ ಒಂದು ಕಡೆ, ಭತ್ಯೆಗೆ ವಿಳಾಸ ಇನ್ನೊಂದು ಕಡೆ ಕೊಡುವುದು. ಶಾಸಕರ ಭತ್ಯೆಯಾದರೆ 1956ರ ಶಾಸಕಾಂಗ ಸಂಬಳ, ಪಿಂಚಣಿ ಮತ್ತು ಭತ್ಯೆಗಳ ಕಾಯ್ದೆ, ಅರ್ಜಿ ಹೋಗಬೇಕಾದ್ದು ವಿಧಾನಸೌಧದ ಸಚಿವಾಲಯಕ್ಕೆ. ಸ್ಥಳೀಯ ಸಂಸ್ಥೆಯ ಸದಸ್ಯರಾದರೆ ದರ, ನಿಯಮ ಎಲ್ಲ ಬೇರೆ. ಯಾವ ತಾರೀಕಿನ ಪ್ರಯಾಣವೋ ಆ ತಾರೀಕಿಗೆ ಜಾರಿಯಲ್ಲಿದ್ದ ದರದ ಆದೇಶವನ್ನೇ ಲಗತ್ತಿಸಬೇಕು.

ಲೆಕ್ಕಪರಿಶೋಧನೆಯಲ್ಲಿ ಕೆಲಸ ಮಾಡಿದ ಹಿರಿಯರು ಆಡಿಟ್ ವರದಿ ಓದುವ ದಾರಿ ತೋರಿಸಿದರು. ‘ಆಕ್ಷೇಪಣೆಯಲ್ಲಿಟ್ಟ ಮೊತ್ತ’ ಬೇರೆ, ‘ವಸೂಲಾತಿಗೆ ಸೂಚಿಸಿದ ಮೊತ್ತ’ ಬೇರೆ. ಮೊದಲನೆಯದು ಕಾಗದ ತೋರಿಸಿದರೆ ತೀರುತ್ತದೆ, ಎರಡನೆಯದು ದುಡ್ಡು ಕಟ್ಟಿದರೆ ತೀರುತ್ತದೆ. ಆಡಿಟಿನ ಮಟ್ಟಿಗೆ ತೀರುತ್ತದೆ ಅಷ್ಟೇ, ಅಪರಾಧದ ಮಟ್ಟಿಗಲ್ಲ. ‘ವಾಪಸ್ ಕಟ್ಟಿಬಿಟ್ಟರಲ್ಲ, ಇನ್ನೇನು’ ಎಂದು ಕೇಳಿದವರು ತುಂಬ ಜನ. ಸ್ವಲ್ಪ ಕಾಲದ ಮಟ್ಟಿಗೆ ಅಪ್ರಾಮಾಣಿಕವಾಗಿ ಬಳಸಿಕೊಂಡರೂ ದುರುಪಯೋಗವೇ ಎಂದು ಹಳೆಯ ಭಾರತೀಯ ದಂಡ ಸಂಹಿತೆಯ 403ನೇ ಕಲಮಿನ ವಿವರಣೆಯಲ್ಲೇ ಇತ್ತು, ಅದರ ಜಾಗಕ್ಕೆ ಬಂದ ಈಗಿನ ಭಾರತೀಯ ನ್ಯಾಯ ಸಂಹಿತೆಯ 314ರಲ್ಲೂ ಇದೆ. ಕಟ್ಟಿದ ಚಲನ್ ಶಿಕ್ಷೆಯ ಪ್ರಮಾಣ ಇಳಿಸಲು ನೆರವಾದೀತು, ಅಪರಾಧ ಅಳಿಸಲು ಅಲ್ಲ.

ವಕೀಲರು ಸಂಭಾವನೆಯಿಲ್ಲದೆ ಮಾಡಿದ ಕೆಲಸದಲ್ಲಿ ಹೆಚ್ಚಿನದು ಅಳಿಸುವ ಕೆಲಸ. ಮೊದಲ ಕರಡಿನಲ್ಲಿದ್ದ ‘ಲೂಟಿ’, ‘ಹಗಲು ದರೋಡೆ’ ಎಲ್ಲ ಹೋಯಿತು. ತಾರೀಕು, ವೋಚರ್ ಸಂಖ್ಯೆ, ಮೊತ್ತ, ಅದಕ್ಕೆ ಎದುರಾದ ದಾಖಲೆ ಮಾತ್ರ ಉಳಿಯಿತು. ಅನುಮಾನವಿದ್ದ ಪ್ರಯಾಣಗಳನ್ನೂ ಕಿತ್ತುಹಾಕಿದರು. ಹತ್ತರಲ್ಲಿ ಒಂದು ಸುಳ್ಳಾದರೆ ಉಳಿದ ಒಂಬತ್ತಕ್ಕೂ ಮಸಿ. ಕಲಮು ಹಾಕುವಲ್ಲೂ ಒಂದು ಗುಂಡಿ ಇದೆ: 2024ರ ಜುಲೈ 1ಕ್ಕಿಂತ ಹಿಂದಿನ ಬಿಲ್ಲಿಗೆ ಹಳೆಯ ದಂಡ ಸಂಹಿತೆಯ 409 (ಸಾರ್ವಜನಿಕ ನೌಕರರ ನಂಬಿಕೆದ್ರೋಹ), ಆಮೇಲಿನದಕ್ಕೆ ನ್ಯಾಯ ಸಂಹಿತೆಯ 316(5). ಎರಡೂ ಕಾಲದ ಬಿಲ್ಲು ಒಂದೇ ದೂರಿನಲ್ಲಿದ್ದರೆ ಎರಡು ಪಟ್ಟಿ ಮಾಡಬೇಕು. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 2018ರ ತಿದ್ದುಪಡಿಯ ನಂತರ ಹೊಂದುವುದು 13(1)(ಎ), ಅಂದರೆ ವಶದಲ್ಲಿದ್ದ ಸ್ವತ್ತನ್ನು ಸ್ವಂತಕ್ಕೆ ಮಾಡಿಕೊಳ್ಳುವುದು. ಶಿಕ್ಷೆ 4ರಿಂದ 10 ವರ್ಷ. ಹಳೆಯ 13(1)(ಡಿ) ಈಗಿಲ್ಲ, ಆದರೂ ಹಳೇ ನಮೂನೆ ನೋಡಿ ಅದನ್ನೇ ಬರೆಯುವವರಿದ್ದಾರೆ.

ಅದೇ ಕಾಯ್ದೆಯ 17ಎ ಕಲಮು ಅನ್ನುವುದು ಇನ್ನೊಂದು ಬಾಗಿಲು. ಅಧಿಕಾರದಲ್ಲಿ ಮಾಡಿದ ಶಿಫಾರಸು, ತೆಗೆದುಕೊಂಡ ತೀರ್ಮಾನದ ಬಗ್ಗೆ ಪೊಲೀಸರು ತನಿಖೆಗಿಳಿಯಲು ಪೂರ್ವಾನುಮತಿ ಬೇಕು. ತನ್ನ ಭತ್ಯೆಗೆ ತಾನೇ ಸುಳ್ಳು ಬಿಲ್ ಬರೆಯುವುದು ತೀರ್ಮಾನವೂ ಅಲ್ಲ, ಶಿಫಾರಸೂ ಅಲ್ಲ ಎಂಬುದು ನಮ್ಮ ವಕೀಲರ ವಾದ. ಬಿಲ್ ಪಾಸು ಮಾಡಿದ ಅಧಿಕಾರಿಯ ಸಹಿಯ ವಿಷಯದಲ್ಲಿ ಈ ವಾದ ನಡೆಯದಿರಬಹುದು. ಅದಕ್ಕೇ ಇಬ್ಬರನ್ನೂ ಒಂದೇ ವಾಕ್ಯದಲ್ಲಿ ಸೇರಿಸಲಿಲ್ಲ. ನ್ಯಾಯಾಲಯದ ಹಂತಕ್ಕೆ ಹೋದರೆ 19ನೇ ಕಲಮಿನ ಮಂಜೂರಾತಿ ಬೇರೆ ಇದೆ. ಅದಕ್ಕೆ 3 ತಿಂಗಳು, ಕಾನೂನು ಸಲಹೆ ಬೇಕಾದರೆ ಮತ್ತೊಂದು ತಿಂಗಳು.

ಸದನದ ಹಕ್ಕುಬಾಧ್ಯತೆ, ಅಂದರೆ ಸದನದ ಕೆಲಸಕ್ಕಾಗಿ ಸದಸ್ಯರಿಗಿರುವ ವಿಶೇಷ ರಕ್ಷಣೆ, ಅಡ್ಡ ಬರುವುದಿಲ್ಲವೇ ಎಂದು ಕೇಳಿದವರಿಗೆ ಒಂದೆರಡು ಮಾತು. ಬ್ರಿಟನ್ನಿನಲ್ಲಿ 2009ರಲ್ಲಿ ಸಂಸದರ ಖರ್ಚಿನ ಹಗರಣ ಹೊರಬಿದ್ದಾಗ ಆರೋಪಿಗಳು ಇದೇ ಗುರಾಣಿ ಹಿಡಿದರು. ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲಿ ಭತ್ಯೆ ಬಿಲ್ಲು ಸದನದ ಕಲಾಪವಲ್ಲ ಅಂದಿತು. ಆ ಆರೋಪಿಗಳಲ್ಲೊಬ್ಬರಾದ ಮಾಜಿ ಸಂಸದ ಡೇವಿಡ್ ಚೇಟರ್ ಮುಂದಿನ ಜನವರಿಯಲ್ಲಿ 18 ತಿಂಗಳ ಸಜೆಗೆ ಹೋದರು. ನಮ್ಮಲ್ಲಿ 2024ರ ಮಾರ್ಚ್ 4ರಂದು ಸೀತಾ ಸೊರೇನ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಸದನದ ಮತಕ್ಕೆ ಪಡೆದ ಲಂಚಕ್ಕೂ ರಕ್ಷಣೆಯಿಲ್ಲ ಅಂದಿದೆ. ಡೀಸೆಲ್ ಬಿಲ್ಲಿಗೆ ಎಲ್ಲಿಂದ ಬರಬೇಕು?

ಲೋಕಾಯುಕ್ತಕ್ಕೆ ಕೊಡುವ ದೂರಿನ ನಮೂನೆ 1 ಮತ್ತು ಪ್ರಮಾಣಪತ್ರದ (ಅಫಿಡವಿಟ್) ನಮೂನೆ 2 ಟೈಪ್ ಮಾಡಿಕೊಟ್ಟ ಹುಡುಗನಿಗೆ, ಊಟದ ಹೊತ್ತಲ್ಲಿ ಎದ್ದುಬಂದು ಸೀಲು ಹಾಕಿದ ನೋಟರಿಗೆ ಕೃತಜ್ಞರು. ಆರೋಪದ ದೂರಿಗೆ ಘಟನೆ ನಡೆದು 5 ವರ್ಷದೊಳಗಿನ ಮಿತಿಯಿದೆ, ಹಳೆಯ ವೋಚರ್ ಹಿಡಿದು ಕಾಯುತ್ತ ಕೂರಬಾರದು. ಸುಳ್ಳು ದೂರಿಗೆ ಜೈಲಿದೆ, ಅದನ್ನು ತಿಳಿದೇ ಸಹಿ ಹಾಕಬೇಕು. ಮೊಬೈಲಿನ ಫೋಟೊ, ವಿಡಿಯೊ ಲಗತ್ತಿಸಿದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ದೃಢೀಕರಣ ಪತ್ರ ಬೇಕು. ವಾಟ್ಸಾಪಿನಲ್ಲಿ ಬಂದದ್ದನ್ನು ಹಾಗೇ ಪ್ರಿಂಟ್ ತೆಗೆದು ಸೇರಿಸಿದರೆ ಹಾಳೆ ದಂಡ.

ನಮ್ಮ ಕಡತವನ್ನು ಚುನಾವಣೆಗೆ ಬಳಸಿಕೊಳ್ಳುತ್ತೇವೆ ಎಂದು ಕೇಳಿ, ಬೇಡ ಅಂದಾಗ ಅರ್ಥ ಮಾಡಿಕೊಂಡ ಎದುರು ಬಣದವರಿಗೂ ಒಂದು ನಮಸ್ಕಾರ. ಅರ್ಥ ಮಾಡಿಕೊಳ್ಳದೆ ಮುನಿಸಿಕೊಂಡವರೂ ಇದ್ದಾರೆ, ಇರಲಿ.

ಇನ್ನು ಮುಂದಿನದು: ಎದುರಿನವರ ವಿವರಣೆ ಬಂದ ಮೇಲೆ ಅದರ ಪ್ರತಿಗೆ ನಾವು ಪ್ರತ್ಯುತ್ತರ ಕೊಡಬೇಕು. ಆಗ ಮತ್ತೆ ಲಾಗ್ ಬುಕ್ಕಿನ ಮುಂದೆ ಕೂರಬೇಕಾಗುತ್ತದೆ, ಚಾಲಕ ಹಿರಿಯರು ಕನ್ನಡಕ ತಯಾರಾಗಿ ಇಟ್ಟುಕೊಳ್ಳಿ.

ಚಂದಾ ಕೊಟ್ಟವರು ಖರ್ಚಿನ ಲೆಕ್ಕ ಯಾವಾಗ ಬೇಕಾದರೂ ಬಂದು ನೋಡಬಹುದು. ಪೋಸ್ಟಲ್ ಆರ್ಡರ್, ಜೆರಾಕ್ಸ್, ನೋಟರಿ, ರಿಜಿಸ್ಟರ್ಡ್ ಪೋಸ್ಟ್, ಬಸ್ ಟಿಕೆಟ್ ಎಲ್ಲಕ್ಕೂ ರಸೀದಿ ಅಂಟಿಸಿದೆ, ಹಾಳೆಗಳಿಗೆ ಪುಟ ಸಂಖ್ಯೆ ಹಾಕಿದೆ. ಆಟೋ ಬಾಡಿಗೆಗೆ ರಸೀದಿ ಇರಲಿಲ್ಲ. ಅದನ್ನು ಹೋದವರೇ ಕೈಯಿಂದ ಹಾಕಿಕೊಂಡಿದ್ದಾರೆ.