ಲೇತ್ ಅಂಗಡಿಯ ಅಣ್ಣನಿಗೆ, ಮತ್ತೆ ಎಲ್ಲರಿಗೂ

ಮೊನ್ನೆ ರಾತ್ರಿ ದಾವಣಗೆರೆಗೆ ಬಂದು ಇಳಿದೆ. ಕೊಚ್ಚಿಯಿಂದ ಸೆಶೆಲ್ಸ್‌ನ ಮಾಹೆ ದ್ವೀಪದವರೆಗೆ, ಸುಮಾರು 1,500 ನಾಟಿಕಲ್ ಮೈಲಿ, ಹಾಯಿದೋಣಿಯಲ್ಲಿ ಹೋದ ನಾಲ್ವರಲ್ಲಿ ನಾನೂ ಒಬ್ಬ. ಎಲ್ಲರೂ ಕ್ಷೇಮ. ವಿಚಾರಿಸಿದವರಿಗೆಲ್ಲ ಬೇರೆ ಬೇರೆ ಹೇಳೋದು ಆಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ಪಿ.ಬಿ. ರಸ್ತೆ ಹತ್ತಿರದ ಲೇತ್ ಅಂಗಡಿಯ ಅಣ್ಣನಿಗೆ. ದೋಣಿಯ ಸ್ಟೀರಿಂಗ್ ಚಕ್ರದಿಂದ ಚುಕ್ಕಾಣಿಗೆ ಉಕ್ಕಿನ ಕೇಬಲ್ ಇರುತ್ತದೆ. ಅದು ಕಡಿದರೆ ಚುಕ್ಕಾಣಿಯ ತಲೆಗೇ ಒಂದು ಕಬ್ಬಿಣದ ಹಿಡಿ ಸಿಕ್ಕಿಸಿ ಕೈಯಿಂದ ತಿರುಗಿಸಬೇಕು. ನಮ್ಮ ಹಿಡಿ ಲೊಡಬಡ ಅನ್ನುತ್ತಿತ್ತು. ಸಂಕ್ರಾಂತಿಗೆ ಊರಿಗೆ ಬರುವಾಗ ಅದನ್ನೂ, ಚುಕ್ಕಾಣಿ ತಲೆಯ ಅಳತೆಗೆ ಮಾಡಿದ ತೇಗದ ಅಚ್ಚನ್ನೂ ಹೊತ್ತು ತಂದಿದ್ದೆ. ಅಣ್ಣ ಒಳಗೆ ಪಟ್ಟಿ ವೆಲ್ಡ್ ಮಾಡಿ, ಅಚ್ಚಿಗೆ ದೀಪದ ಮಸಿ ಬಳಿದು ತೂರಿಸಿದರು. ಹೊರಗೆ ತೆಗೆದು ಮಸಿ ಅಂಟಿದ ಜಾಗಕ್ಕೆ ಮಾತ್ರ ಅರ ಹಾಕಿದರು. ಮತ್ತೆ ಮಸಿ, ಮತ್ತೆ ಅರ. ಸಂಜೆಯಾಯಿತು. "ಸಾಕಲ್ವಾ ಅಣ್ಣ?" ಅಂದೆ. "ನಡು ನೀರಾಗೆ ಅಲ್ಲಾಡಿದ್ರೆ ಯಾರತ್ರ ಹೋಗ್ತೀಯಪ್ಪ?" ಅಂದರು.

ಆರನೇ ದಿನ ಆಟೋಪೈಲಟ್ ಮೋಟಾರ್ ಸುಟ್ಟಿತು. ಎರಡೆರಡು ಗಂಟೆ ಸರದಿ ಹಾಕಿಕೊಂಡು ಕೈಯಲ್ಲೇ ನಡೆಸಿದೆವು. ಭೂಮಧ್ಯರೇಖೆ ದಾಟಿದ ಮೇಲೆ, ಹತ್ತನೇ ರಾತ್ರಿ, ಮಳೆಯ ಜೊತೆ ಗಾಳಿ ಎರಗಿತು. 35 ನಾಟ್, ಅಂದರೆ ಗಂಟೆಗೆ 65 ಕಿಲೋಮೀಟರ್. ಚಕ್ರ ನನ್ನ ಕೈಯಲ್ಲಿತ್ತು. ಟಪ್ ಅಂತ ಒಂದು ಸದ್ದು, ಅಷ್ಟೇ. ಚಕ್ರ ಸುಮ್ನೆ ತಿರುಗತೊಡಗಿತು, ಅದರ ಹಿಂದೆ ಏನೂ ಇಲ್ಲ. ದೋಣಿ ಅಲೆಗೆ ಅಡ್ಡ ಬಿತ್ತು. ನನಗೆ ಕೈಕಾಲು ಆಡಲಿಲ್ಲ.

ಆಗ ಕೂಗಾಡದೆ ಒಂದೊಂದೇ ಕೆಲಸ ಹೇಳಿದ ನಮ್ಮ ಕ್ಯಾಪ್ಟನ್‌ಗೆ ಜೀವ ಇರುವವರೆಗೂ ಋಣಿ. ದೊಡ್ಡ ಹಾಯಿ ಪೂರ್ತಿ ಇಳಿಸಿ, ಮುಂದಿನ ಚಿಕ್ಕ ಹಾಯಿ ಮಾತ್ರ ಬಿಟ್ಟರು. ಚುಕ್ಕಾಣಿ ಮೇಲಿನ ಭಾರ ಅರ್ಧಕ್ಕರ್ಧ ಇಳಿಯಿತು ಅನ್ನಿಸಿತು. ಟಾರ್ಚ್ ಬೆಳಕಲ್ಲಿ ಹಿಡಿ ಸಿಕ್ಕಿಸಿದೆವು. ಒಂದೇ ಏಟಿಗೆ ಕೂತಿತು. ಅದರ ತುದಿಗೆ ಎರಡೂ ಕಡೆ ಹಗ್ಗ ಕಟ್ಟಿ ರಾಟೆಗೆ ಹಾಕಿ ಎಳೆದೆವು. ಬಿಡಿ ಕೇಬಲ್ ಇರಲಿಲ್ಲ. ಹಾಗಾಗಿ ಉಳಿದ ನಾಲ್ಕು ದಿನವೂ ಅದೇ ಹಿಡಿ.

2018ರಲ್ಲಿ ನಮ್ಮ ನೌಕಾಪಡೆಯ ಹಾಯಿದೋಣಿ 'ತಾರಿಣಿ'ಗೂ ಇದೇ ಹಿಂದೂ ಮಹಾಸಾಗರದಲ್ಲಿ ಸ್ಟೀರಿಂಗ್ ತೊಂದರೆಯಾಗಿತ್ತು. ಅದರಲ್ಲಿದ್ದ ಆರು ಮಂದಿ ಮಹಿಳಾ ಅಧಿಕಾರಿಗಳು ಮಾರಿಷಸ್‌ನಲ್ಲಿ ನಿಂತು, ಆಮೇಲೆ ಗೋವಾ ಮುಟ್ಟಿದ್ದರು. ಆ ರಾತ್ರಿಗಳಲ್ಲಿ ಅವರನ್ನು ನೆನೆದಷ್ಟು ದೇವರನ್ನೂ ನೆನೆದಿಲ್ಲ.

ತಂಗಿಗೆ ಏನು ಹೇಳಲಿ! ಸೂಳೆಕೆರೆಗಿಂತ ದೊಡ್ಡ ನೀರು ನೋಡದವಳು ಗಾಳಿ ನಕ್ಷೆ ಓದೋದು ಕಲಿತಳು. ಬಾಣದ ಬಾಲದಲ್ಲಿ ಪೂರ್ತಿ ಗೆರೆ ಇದ್ದರೆ 10 ನಾಟ್, ಅರ್ಧ ಗೆರೆ ಇದ್ದರೆ 5. ಸ್ಕೂಲಿಗೆ ಹೋಗುವ ಮುಂಚೆ ಒಂದು, ಬಂದ ಮೇಲೆ ಒಂದು ಸ್ಯಾಟಲೈಟ್ ಮೆಸೇಜ್, ಒಂದು ದಿನವೂ ತಪ್ಪಲಿಲ್ಲ. ಅಮ್ಮ ಡಬ್ಬಿಗೆ ಟೇಪ್ ಸುತ್ತಿ ಕೊಟ್ಟಿದ್ದ ಮಂಡಕ್ಕಿ ಕೊನೆಯ ದಿನದವರೆಗೂ ಗರಿಗರಿಯಾಗಿತ್ತು. ಒಲೆ ಹಚ್ಚಲಾಗದ ದಿನ ನಾಲ್ಕೂ ಜನಕ್ಕೆ ಅದೇ ಊಟ, ಜೊತೆಗೆ ಶೇಂಗಾ ಚಟ್ನಿಪುಡಿ.

ನಿನ್ನೆ ಲೇತ್ ಅಂಗಡಿಗೆ ಹೋಗಿದ್ದೆ. ಹಿಡಿ ದೋಣಿಯಲ್ಲೇ ಇದೆ, ಫೋಟೊ ತೋರಿಸಿದೆ. ಅಣ್ಣ ಸಮುದ್ರ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹಿಡಿ ಕೂತ ಜಾಗವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ಸವೆದಿಲ್ಲ" ಅಂದರು.