ಶಾರ್ಕ್ ಹಲ್ಲಿಗೆ ತೂತು ಕೊರೆಯಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಊರಿನ ವಾರಾಂತ್ಯದ ಸಂತೆಗಳಿಗೆ ಈಗ ಪಳೆಯುಳಿಕೆಗಳೂ ಮಾರಾಟಕ್ಕೆ ಬರುತ್ತಿವೆ. ಈಚೆಗೆ ದಕ್ಷಿಣ ಬೆಂಗಳೂರಿನ ಒಂದು ಸಂತೆಯಲ್ಲಿ ಶಾರ್ಕ್ ಹಲ್ಲುಗಳಿಗೆ ತೂತು ಕೊರೆದು, ಕಪ್ಪು ದಾರ ಪೋಣಿಸಿ ಇಟ್ಟಿದ್ದರು. ಮಕ್ಕಳ ಕೊರಳಿಗೆ ಕಟ್ಟಿದರೆ ದೃಷ್ಟಿಯಾಗುವುದಿಲ್ಲವಂತೆ. ಚೂಪು ಹಲ್ಲುಗಳ ನಡುವೆ ಒಂದು ಮಾತ್ರ ಬೇರೆ ಥರ ಇತ್ತು. ಅಗಲವಾಗಿ, ನಡುವೆ ಉಬ್ಬಿಕೊಂಡು, ಮೈಮೇಲೆ ಸಾಲು ಸಾಲು ಏಣುಗಳಿದ್ದ ಹಲ್ಲು. ಎಲ್ಲಿಯದು ಅಂತ ಕೇಳಿದೆ. "ತಮಿಳುನಾಡು ಕಡೆಯದು ಸಾರ್" ಅಂದರು. ಯಾವ ಊರು, ಯಾವ ಹಳ್ಳ? ಅವರಿಗೆ ಗೊತ್ತಿರಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನಾನು ಚಾಮರಾಜಪೇಟೆಯಲ್ಲಿ ಹಲ್ಲಿನ ಸೆಟ್ ಮಾಡುವವನು. ಯಾವ ಹಲ್ಲು ಸಿಕ್ಕಿದರೂ ಎಲ್ಲಿ ಸವೆದಿದೆ, ಎದುರಿನ ಹಲ್ಲು ಹೇಗೆ ಕೂತಿರಬೇಕು ಅಂತ ನೋಡುವುದು ನನ್ನ ಕಸುಬು. ಆ ಹಲ್ಲಿನ ಏಣುಗಳು ನಡುವೆ ಸವೆದು ನುಣುಪಾಗಿದ್ದವು, ಅಂಚಿನಲ್ಲಿ ಗಟ್ಟಿಯಾಗಿ ಉಳಿದಿದ್ದವು. ಬಾಯಲ್ಲಿದ್ದು ಚೆನ್ನಾಗಿ ದುಡಿದ ಹಲ್ಲು ಅದು. ಡ್ರಿಲ್ ಹಾಕಿದ್ದು ಸರಿಯಾಗಿ ಆ ಸವೆದ ಜಾಗಕ್ಕೇ. ನೋಡಿ ಹೊಟ್ಟೆ ಉರಿಯಿತು.

ಅಂಥ ಹಲ್ಲು ಟೈಕೋಡಸ್ ಎಂಬ ಶಾರ್ಕಿನದು. ಡೈನೋಸಾರ್‌ಗಳ ಕಾಲದ ಕಡಲಲ್ಲಿದ್ದು, ಅವುಗಳಿಗಿಂತ ಮೊದಲೇ ಅಳಿದುಹೋದ ಮೀನು. ಮಾಂಸ ಹರಿಯುವ ಹಲ್ಲು ಇದಕ್ಕಿರಲಿಲ್ಲ. ನೂರಾರು ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ದವಡೆ ತುಂಬ ಹಾಸಿರುತ್ತಿದ್ದವು. ಬೀಸುವ ಕಲ್ಲಿಗೆ ಕಚ್ಚು ಹಾಕಿಸಿದ ಹಾಗೆ ಅವುಗಳ ಮೇಲೆ ಏಣು. ಕೆಳದವಡೆಯ ನಡುಸಾಲಿನ ಹಲ್ಲುಗಳು ಎಲ್ಲಕ್ಕಿಂತ ದೊಡ್ಡವು. ಮೇಲ್ದವಡೆಯ ನಡುಸಾಲು ಮಾತ್ರ ತೀರಾ ಚಿಕ್ಕದು, ಅದರ ಎರಡೂ ಪಕ್ಕದಲ್ಲಿ ದೊಡ್ಡ ಹಲ್ಲುಗಳು. ಬಾಯಿ ಮುಚ್ಚಿದಾಗ ಕೆಳಗಿನ ಉಬ್ಬು ಮೇಲಿನ ತಗ್ಗಿನಲ್ಲಿ ಕೂರುತ್ತಿತ್ತು. ಎಂಥ ಬೈಟ್ ಅದು! ಜೀವನವೆಲ್ಲ ಪ್ಲಾಸ್ಟರ್ ಅಚ್ಚುಗಳ ಮೇಲೆ ಬೈಟ್ ಹೊಂದಿಸಿದವನಾಗಿ ಹೇಳುತ್ತೇನೆ, ಇದಕ್ಕಿಂತ ಅಚ್ಚುಕಟ್ಟಾದ ಜೋಡಣೆ ನಾನು ಕಂಡಿಲ್ಲ.

ಶಾರ್ಕಿನ ಅಸ್ಥಿಪಂಜರ ಮೆದು ಎಲುಬಿನದು, ಸತ್ತ ಮೇಲೆ ಸಾಮಾನ್ಯವಾಗಿ ಕೊಳೆತುಹೋಗುತ್ತದೆ. ಉಳಿಯುವುದು ಹಲ್ಲು. ಅದರ ಹೊರಪದರದಲ್ಲಿ ಫ್ಲೋರೈಡ್ ಸೇರಿದ ಗಟ್ಟಿ ಖನಿಜ ಇರುತ್ತದೆ. (ಪಾವಗಡ, ಬಾಗೇಪಲ್ಲಿ ಕಡೆ ನೀರಿನ ಫ್ಲೋರೈಡ್‌ನಿಂದ ಹಲ್ಲು ಕೆಟ್ಟವರನ್ನು ಕಂಡ ನನಗೆ ಈ ವಿಷಯ ಓದಿದಾಗ ಆಶ್ಚರ್ಯವಾಗಿತ್ತು.) ಶಾರ್ಕಿಗೆ ಬದುಕಿರುವವರೆಗೂ ಹಳೆಯ ಹಲ್ಲು ಉದುರಿ ಹೊಸದು ಬರುತ್ತಲೇ ಇರುತ್ತದೆ. ಹಾಗಾಗಿ ಎಷ್ಟೋ ಶಾರ್ಕ್‌ಗಳ ಬಗ್ಗೆ ನಮಗಿರುವ ಸಾಕ್ಷಿ ಹೆಚ್ಚಾಗಿ ಹಲ್ಲು ಮಾತ್ರ.

ಟೈಕೋಡಸ್ ಕತೆಯೂ ಹಾಗೇ ಆಯಿತು. ಲೂಯಿ ಅಗಾಸಿಜ್ ಎಂಬ ವಿಜ್ಞಾನಿ ಇದಕ್ಕೆ ಹೆಸರಿಟ್ಟದ್ದು 1830ರ ದಶಕದಲ್ಲಿ. ಆಮೇಲೆ ಇಂಗ್ಲೆಂಡ್, ಅಮೆರಿಕದ ಕ್ಯಾನ್ಸಸ್, ಟೆಕ್ಸಸ್ ಎಲ್ಲ ಕಡೆ ಇದರ ಹಲ್ಲು ಸಿಕ್ಕಿತು. ಇಡೀ ದೇಹ ಮಾತ್ರ ಸಿಗಲಿಲ್ಲ. ಚಿಪ್ಪು ಪುಡಿಮಾಡುವ ಹಲ್ಲು ನೋಡಿ, ಕಡಲ ತಳದಲ್ಲಿ ಓಡಾಡಿಕೊಂಡಿದ್ದ ಪ್ರಾಣಿ ಇರಬೇಕು ಅಂತ ಅನೇಕರು ಎಣಿಸಿದ್ದರು. ಮೆಕ್ಸಿಕೋದ ವಯೆಸಿಯೋ ಎಂಬಲ್ಲಿನ ಸುಣ್ಣಕಲ್ಲಿನ ಕ್ವಾರಿಗಳಲ್ಲಿ ಪೂರ್ತಿ ದೇಹದ ಗುರುತು ಸಿಕ್ಕಿ, ಅದರ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ನೋಡಿದರೆ ಅದು ತೆರೆದ ಕಡಲಲ್ಲಿ ವೇಗವಾಗಿ ಈಜುತ್ತಿದ್ದ, ಇವತ್ತಿನ ಬಿಳಿ ಶಾರ್ಕ್ ಸೇರಿದ ಗಣದ್ದೇ ಮೀನು! ಕಡಲಾಮೆ, ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಕಡಲಜೀವಿ ಅದರ ಆಹಾರವಾಗಿದ್ದಿರಬೇಕು ಅನ್ನುತ್ತಾರೆ.

ಅಮೋನೈಟ್ ನಮಗೇನೂ ಹೊಸದಲ್ಲ ಅಲ್ವಾ? ನೇಪಾಳದ ಗಂಡಕಿ ನದಿಯಿಂದ ಬಂದು ನಮ್ಮ ದೇವರ ಪೆಟ್ಟಿಗೆಯಲ್ಲಿ ಕೂತಿರುವ ಸಾಲಿಗ್ರಾಮದ ಚಕ್ರ ಆ ಬಳಗದ ಪ್ರಾಣಿಯ ಚಿಪ್ಪಿನದೇ. ಸಾಲಿಗ್ರಾಮವನ್ನು ಮಡಿಯುಟ್ಟು ಮುಟ್ಟುವ ಜನ ನಾವು. ಆ ಬಳಗವನ್ನು ತಿಂದು ಬದುಕಿದ ಪ್ರಾಣಿಯ ಹಲ್ಲಿಗೆ ಡ್ರಿಲ್ ಹಿಡಿಯುವುದು ಸರಿಯೇ?

ಬೆಂಗಳೂರಿನ ಕಲ್ಲಿನಲ್ಲಿ ಇಂಥದ್ದು ಸಿಗುವುದಿಲ್ಲ. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಆಗ ಪ್ರಾಣಿಗಳೇ ಇರಲಿಲ್ಲ. ಆದರೆ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ತಿರುಚ್ಚಿ. ಅಲ್ಲಿಂದ ಪೆರಂಬಲೂರು ಜಿಲ್ಲೆಯ ಕಾರೈ ಹೆಚ್ಚು ದೂರವಿಲ್ಲ. ಸುಮಾರು 10 ಕೋಟಿ ವರ್ಷಗಳ ಹಿಂದೆ ಅದು ಕಡಲ ತಳ. ಟೈಕೋಡಸ್‌ನ ಒಂದು ಜಾತಿಯ ಹಲ್ಲು ಅಲ್ಲಿನ ಪದರದಲ್ಲಿ ಸಿಕ್ಕಿದ್ದನ್ನು ನಮ್ಮ ದೇಶದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ್ದಾರೆ. ಈಗ ನಮ್ಮ ಊರಿನಿಂದ ಅಲ್ಲಿಗೆ ಪ್ರವಾಸ ಹೋಗುವವರಿದ್ದಾರೆ. ನಮ್ಮ ಪಕ್ಕದ ಮನೆ ಹುಡುಗ ಹೋಗಿಬಂದ. ಕರೆದುಕೊಂಡು ಹೋದವರೇ ಮಕ್ಕಳಿಗೆಲ್ಲ ಒಂದೊಂದು ಚೀಲ ಕೊಟ್ಟು, ಸಿಕ್ಕಿದ್ದು ತುಂಬಿಕೊಳ್ಳಿ ಅಂದರಂತೆ. ಚೀಲ ಇವತ್ತಿಗೂ ಅವರ ಬಾಲ್ಕನಿಯಲ್ಲಿದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನ ಕುತೂಹಲ ಚಿನ್ನದಂಥದ್ದು. ಅದಕ್ಕೆ ದಾರಿ ತೋರಿಸಬೇಕಾದ ದೊಡ್ಡವರು ಚೀಲ ಕೊಟ್ಟರು ಅನ್ನುವುದೇ ನನ್ನ ಬೇಸರ.

ಒಂದು ಹಲ್ಲು ತಂದರೆ ಏನಾಯಿತು ಅಂತ ಕೇಳುವವರಿದ್ದಾರೆ. ಅಂಥ ಹಲ್ಲಿಗೆ ಮೆತ್ತಿದ ಜೇಡಿಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳಿರಬಹುದು. ಫೊರಾಮಿನಿಫೆರಾ ಅನ್ನುತ್ತಾರೆ. ಪದರದ ಕಾಲ ಗೊತ್ತಾಗುವುದು ಅಂಥವುಗಳಿಂದ. ಅಕ್ಕಪಕ್ಕದಲ್ಲಿ ಅದೇ ಬಾಯಿಯ ಇನ್ನಷ್ಟು ಹಲ್ಲುಗಳಿದ್ದರೆ ದವಡೆಯನ್ನೇ ಜೋಡಿಸಬಹುದು. ತೊಳೆದು, ಪಾಲಿಶ್ ಮಾಡಿ ದಾರಕ್ಕೆ ಕಟ್ಟಿದ ಮೇಲೆ ಇದ್ಯಾವುದೂ ವಾಪಸ್ ಬರುವುದಿಲ್ಲ. 2021ರಲ್ಲಿ ಜೈಸಲ್ಮೇರ್‌ನಲ್ಲಿ ಸ್ಟ್ರೋಫೋಡಸ್ ಎಂಬ ಇನ್ನೊಂದು ಅಗಿಯುವ ಹಲ್ಲಿನ ಶಾರ್ಕಿನ ಹೊಸ ಜಾತಿ ಗುರುತಿಸಿದ್ದೂ ಹಲ್ಲುಗಳಿಂದಲೇ. ಅವು ಸಿಕ್ಕಿದ್ದು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರ ಕೈಗೆ, ಅದು ನಮ್ಮ ಪುಣ್ಯ.

ಕೇಂದ್ರದ ಗಣಿ ಸಚಿವಾಲಯ ಡಿಸೆಂಬರ್ 2022ರಲ್ಲಿ ಭೂಪರಂಪರೆಯ ತಾಣಗಳು, ಪಳೆಯುಳಿಕೆಗಳ ರಕ್ಷಣೆಗೆ ಒಂದು ಮಸೂದೆಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ನಮ್ಮ ಸಂಸದರು ಅದರ ಬಗ್ಗೆ ಬಾಯಿ ಬಿಡಬೇಕು. ಸಂತೆ ನಡೆಸುವವರು ಅಲ್ಲಿಯವರೆಗೂ ಕಾಯಬೇಕಿಲ್ಲ. ಪಳೆಯುಳಿಕೆ ಮಾರುವ ಅಂಗಡಿಗೆ ಜಾಗ ಕೊಡುವುದಿಲ್ಲ ಅಂತ ಇವತ್ತೇ ಹೇಳಬಹುದು. ಕುಮಾರಸ್ವಾಮಿ ಬಡಾವಣೆಯಲ್ಲಿ ಸರ್ವೇಕ್ಷಣಾ ಇಲಾಖೆಯ ಕಚೇರಿಯಿದೆ. ಮನೆಯಲ್ಲಿ ಇಂಥವು ಇಟ್ಟುಕೊಂಡವರು ತಂದು ತೋರಿಸಲಿಕ್ಕೆ ಅವರು ತಿಂಗಳಿಗೊಂದು ದಿನ ಗೊತ್ತು ಮಾಡಲಿ. ಮೊದಲು ಹೋಗುವುದು ನಾನು ಮತ್ತು ಪಕ್ಕದ ಮನೆ ಹುಡುಗ. ಪ್ರವಾಸ ಏರ್ಪಡಿಸುವವರು ಮಕ್ಕಳನ್ನು ಅರಿಯಲೂರು ಬಳಿಯ ವಾರಣವಾಸಿಯ ಪಳೆಯುಳಿಕೆ ಮ್ಯೂಸಿಯಂಗೆ ಕರೆದುಕೊಂಡು ಹೋಗಲಿ. ಕಾರೈಯಲ್ಲಿ ಏನಾದರೂ ಕಂಡರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು, ಅಲ್ಲೇ ಬಿಟ್ಟು ಬರುವುದನ್ನು ಕಲಿಸಲಿ.

— ಡೆಂಟಲ್ ಲ್ಯಾಬ್ ಕೆಲಸಗಾರ, ಚಾಮರಾಜಪೇಟೆ, ಬೆಂಗಳೂರು