ಆ ತಟ್ಟೆಗೆ ಹಿಂಬದಿ ಇರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಪಾಪ್ ಸಂಗೀತ ತಂಡ ಬೀಟಲ್ಸ್ ಬಗ್ಗೆ ಬಂದ ಬರಹ ಓದಿದೆ. ಅರವತ್ತರ ದಶಕದ ಹಾಡುಗಳಿಗೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟಿದ್ದು ನೋಡಿ ತುಂಬಾ ಖುಷಿಯಾಯಿತು. ಕಾಫಿ ಆರಿಹೋಗುವವರೆಗೂ ಓದಿದೆ. ಆದರೆ ಕೊನೆಯ ಸಾಲು ಯಾಕೋ ಚುಚ್ಚಿತು. ಹೊಸದಾಗಿ ಕೇಳುವವರಿಗೆ '1' ಎಂಬ ಸಂಗ್ರಹ ಸಾಕು, ತಂಡದ ಒಳ್ಳೆಯ ಹಾಡುಗಳೆಲ್ಲ ಅದರಲ್ಲೇ ಇವೆ ಎಂದು ಬರೆದಿದ್ದೀರಿ. ಇಲ್ಲ ಸ್ವಾಮಿ, ಸಾಲದು. ಯಾಕೆ ಸಾಲದು ಅಂತ ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನಾನು ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಈಗ 71 ವರ್ಷ. 1967ರಲ್ಲಿ ನನಗೆ 13. ಅಣ್ಣ ಆಗಷ್ಟೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಆ ವರ್ಷ ದಸರೆಗೆ ಬಂದಾಗ ಚೀಲದಲ್ಲಿ ಎರಡು ಅಂಗಿಯ ನಡುವೆ ಇಟ್ಟುಕೊಂಡು ಒಂದು ಸಣ್ಣ ಗ್ರಾಮಫೋನ್ ತಟ್ಟೆ ತಂದಿದ್ದ. ನಿಮಿಷಕ್ಕೆ 45 ಸುತ್ತಿನದು. ಒಂದು ಕಡೆ 'ಪೆನಿ ಲೇನ್', ಇನ್ನೊಂದು ಕಡೆ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್'. ನಮ್ಮ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಎದುರು ಮನೆಯಲ್ಲಿತ್ತು. ಮಧ್ಯಾಹ್ನ ಅವರೆಲ್ಲ ಮಲಗಿದಾಗ ದನಿ ಸಣ್ಣ ಮಾಡಿ, ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳುತ್ತಿದ್ದೆವು. ಇಂಗ್ಲಿಷ್ ಅರ್ಧ ತಿಳಿಯುತ್ತಿರಲಿಲ್ಲ. ಒಂದು ಕಡೆ ಮುಗಿದರೆ ಮುಳ್ಳು ಎತ್ತಿ, ತಟ್ಟೆ ತಿರುಗಿಸಿ, ಇನ್ನೊಂದು ಕಡೆ. ಯಾವ ಕಡೆ ಹೆಚ್ಚು, ಯಾವ ಕಡೆ ಕಮ್ಮಿ ಅಂತ ನಮಗೆ ಅನಿಸಿದ್ದೇ ಇಲ್ಲ.

ಈಗ ಬನ್ನಿ '1'ಕ್ಕೆ. ಅದು ಬಂದದ್ದು 2000ದ ನವೆಂಬರಿನಲ್ಲಿ. ಕೆಂಪು ಹೊದಿಕೆ, ಮೇಲೆ ದೊಡ್ಡ ಹಳದಿ ಅಂಕಿ. ಒಟ್ಟು 27 ಹಾಡು. ಆರಿಸಿದ ನಿಯಮ ಒಂದೇ: ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಹಾಡು ಚಾರ್ಟಿನ, ಅಂದರೆ ಜನಪ್ರಿಯ ಹಾಡುಗಳ ವಾರದ ಪಟ್ಟಿಯ, ಮೊದಲ ಸ್ಥಾನ ಮುಟ್ಟಿರಬೇಕು. ತಂಡ ಒಡೆದು 30 ವರ್ಷ ಆಗಿತ್ತು. ಆದರೂ 2000ದಿಂದ 2009ರ ತನಕದ ಹತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಆಲ್ಬಂ ಅದೇ. ಹಾಗಾಗಿ ಆಮೇಲಿನ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಬೀಟಲ್ಸ್ ಅಂದರೆ ಆ 27 ಹಾಡು.

ಅಣ್ಣನ ಮೊಮ್ಮಗಳು ಕಳೆದ ರಜೆಯಲ್ಲಿ ಅದನ್ನು ಫೋನಿನಲ್ಲಿ ಹಾಕಿಕೊಂಡು ಬಂದಳು. "ಅಜ್ಜಿ, ನೀವು ಯಾವಾಗ್ಲೂ ಹೇಳ್ತೀರಲ್ಲ, ಆ ಹಾಡು ಇದ್ರಲ್ಲಿ ಇಲ್ವಲ್ಲ" ಅಂದಳು. ಹೌದು, ಇಲ್ಲ. 'ಪೆನಿ ಲೇನ್' ಇದೆ. 'ಸ್ಟ್ರಾಬೆರಿ ಫೀಲ್ಡ್ಸ್' ಇಲ್ಲ. ಒಂದೇ ತಟ್ಟೆಯ ಎರಡು ಮುಖ. ಒಂದಕ್ಕೆ ಒಳಗೆ ಜಾಗ, ಇನ್ನೊಂದಕ್ಕೆ ಬಾಗಿಲು ಹಾಕಿದೆ.

ಇದು ಹೇಗಾಯಿತು ಅಂತ ಹೇಳುತ್ತೇನೆ. 1967ರ ಫೆಬ್ರವರಿ 17ರಂದು ಬ್ರಿಟನ್ನಿನಲ್ಲಿ ಈ ತಟ್ಟೆ ಬಿಡುಗಡೆಯಾಯಿತು. ಅದಕ್ಕೆ ಮುಂಚೆ 1963ರ 'ಫ್ರಮ್ ಮಿ ಟು ಯು'ನಿಂದ ಹಿಡಿದು ತಂಡದ ಸತತ 11 ಸಿಂಗಲ್‌ಗಳು (ಇಂಥ ಒಂದೆರಡು ಹಾಡಿನ ಬಿಡಿ ತಟ್ಟೆಗಳು) ಅಲ್ಲಿ ಮೊದಲ ಸ್ಥಾನಕ್ಕೆ ಹೋಗಿದ್ದವು. ಇದು ಎರಡನೇ ಸ್ಥಾನದಲ್ಲಿ ನಿಂತುಬಿಟ್ಟಿತು. ಮೇಲೆ ಕೂತಿದ್ದ ಹಾಡು 'ರಿಲೀಸ್ ಮಿ'. ಹಾಡಿದವರು ಎಂಗಲ್‌ಬರ್ಟ್ ಹಂಪರ್‌ಡಿಂಕ್. ಅವರು ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ, 1936ರಲ್ಲಿ. ಹುಡುಗನಾಗಿದ್ದಾಗಲೇ ಇಂಗ್ಲೆಂಡಿನ ಲೆಸ್ಟರ್‌ಗೆ ಹೋದರು. ಆ ಹಾಡು ಆರು ವಾರ ಮೇಲಿಂದ ಇಳಿಯಲಿಲ್ಲ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಒಳ್ಳೆಯ ಕಂಠ, ಜನ ಇಷ್ಟಪಟ್ಟು ಕೊಂಡರು. ಅಷ್ಟೇ.

ಅಮೆರಿಕದಲ್ಲಿ ಲೆಕ್ಕ ಬೇರೆ. ಬಿಲ್‌ಬೋರ್ಡ್ ಪತ್ರಿಕೆ ಆಗ ತಟ್ಟೆಯ ಎರಡು ಕಡೆಗಳನ್ನು ಬೇರೆ ಬೇರೆ ಹಾಡೆಂದು ಎಣಿಸುತ್ತಿತ್ತು. 'ಪೆನಿ ಲೇನ್' ಒಂದನೇ ಸ್ಥಾನ ಮುಟ್ಟಿತು. 'ಸ್ಟ್ರಾಬೆರಿ' ಎಂಟಕ್ಕೆ ನಿಂತಿತು. 33 ವರ್ಷ ಆದಮೇಲೆ '1' ಮಾಡುವಾಗ ಇದೇ ಲೆಕ್ಕ ಹಿಡಿದರು.

ಆದರೆ ಇದನ್ನು ನೋಡಿ. 1969ರ ನವೆಂಬರ್ ಕೊನೆಯಲ್ಲಿ ಬಿಲ್‌ಬೋರ್ಡ್ ನಿಯಮ ಬದಲಾಯಿಸಿತು. ಇನ್ನು ಮೇಲೆ ಎರಡೂ ಕಡೆ ಸೇರಿಸಿ ಒಂದೇ ಸ್ಥಾನ ಎಂದಿತು. ಅದೇ ವಾರ ಬೀಟಲ್ಸ್‌ನ 'ಕಮ್ ಟುಗೆದರ್' ಮತ್ತು 'ಸಮ್‌ಥಿಂಗ್' ಒಟ್ಟಿಗೆ ಒಂದನೇ ಸ್ಥಾನಕ್ಕೆ ಬಂದವು. ಎರಡೂ '1'ರಲ್ಲಿ ಇವೆ. ಬ್ರಿಟನ್ನಿನಲ್ಲಿ ಅದಕ್ಕೆ ಮುಂಚೆಯೇ ಜೋಡಿ ಹಾಡಿಗೆ ಒಟ್ಟಿಗೇ ಸ್ಥಾನ ಸಿಗುತ್ತಿತ್ತು. 'ಡೇ ಟ್ರಿಪ್ಪರ್' ಜೊತೆ 'ವಿ ಕ್ಯಾನ್ ವರ್ಕ್ ಇಟ್ ಔಟ್' ಬಂತು, 'ಯೆಲ್ಲೋ ಸಬ್‌ಮರೀನ್' ಜೊತೆ 'ಎಲಿನಾರ್ ರಿಗ್ಬಿ' ಬಂತು. ನಾಲ್ಕೂ '1'ರಲ್ಲಿ ಇವೆ. ಅಂದರೆ ಅಮೆರಿಕದ ನಿಯಮ ಮೂರು ವರ್ಷ ಮೊದಲೇ ಬದಲಾಗಿದ್ದರೆ, ಇಲ್ಲವೇ ಬ್ರಿಟನ್ನಿನಲ್ಲಿ 'ರಿಲೀಸ್ ಮಿ' ಮೇಲೆ ಕೂತಿರದಿದ್ದರೆ, 'ಸ್ಟ್ರಾಬೆರಿ' ಒಳಗಿರುತ್ತಿತ್ತು. ಇದಕ್ಕೂ ಹಾಡಿನ ಗುಣಕ್ಕೂ ಏನು ಸಂಬಂಧ ಹೇಳಿ?

ಇದೇ ಪೇಚು 'ಪ್ಲೀಸ್ ಪ್ಲೀಸ್ ಮಿ'ಗೂ ಆಗಿದೆ. 1963ರಲ್ಲಿ ಬ್ರಿಟನ್ನಿನಲ್ಲಿ ಒಂದಕ್ಕಿಂತ ಹೆಚ್ಚು ಪತ್ರಿಕೆಗಳು ತಮ್ಮ ತಮ್ಮ ಚಾರ್ಟ್ ಹಾಕುತ್ತಿದ್ದವು. ಒಂದೊಂದು ಪತ್ರಿಕೆಯೂ ತನಗೆ ಗೊತ್ತಿರುವ ಕೆಲವು ಅಂಗಡಿಗಳನ್ನು ಕೇಳಿ ಪಟ್ಟಿ ಮಾಡುತ್ತಿತ್ತು. 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಮತ್ತು 'ಮೆಲೊಡಿ ಮೇಕರ್' ಪಟ್ಟಿಗಳಲ್ಲಿ ಆ ಹಾಡು ಒಂದನೆಯದು. 'ರೆಕಾರ್ಡ್ ರಿಟೇಲರ್' ಪಟ್ಟಿಯಲ್ಲಿ ಎರಡನೆಯದು. ಮುಂದೆ ದಾಖಲೆ ಪುಸ್ತಕ ಬರೆದವರು 'ರೆಕಾರ್ಡ್ ರಿಟೇಲರ್' ಪಟ್ಟಿಯನ್ನೇ ಅಧಿಕೃತ ಎಂದು ಹಿಡಿದರು. ಆ ಹಾಡೂ '1'ರಿಂದ ಹೊರಗೆ. ಆದರೆ 'ಲವ್ ಮಿ ಡು' ಒಳಗಿದೆ. 1962ರಲ್ಲಿ ಬ್ರಿಟನ್ನಿನಲ್ಲಿ ಅದು ಹೋಗಿದ್ದು 17ರ ತನಕ ಮಾತ್ರ. 1964ರಲ್ಲಿ ಅಮೆರಿಕ ಅದನ್ನು ಮೇಲೇರಿಸಿತು.

ಈಗ 'ಸ್ಟ್ರಾಬೆರಿ' ಹಾಡಿನ ಬಗ್ಗೆ ಹೇಳದೆ ಇರಲಾರೆ.

ಸ್ಟ್ರಾಬೆರಿ ಫೀಲ್ಡ್ ಎನ್ನುವುದು ಲಿವರ್‌ಪೂಲಿನ ವೂಲ್ಟನ್ ಎಂಬಲ್ಲಿ ಸಾಲ್ವೇಶನ್ ಆರ್ಮಿಯವರು ನಡೆಸುತ್ತಿದ್ದ ಮಕ್ಕಳ ಆಶ್ರಮ. ತಂಡದ ಜಾನ್ ಲೆನನ್ ಬೆಳೆದ ಮನೆಗೆ ಹತ್ತಿರ. ಪೆನಿ ಲೇನ್ ಅದೇ ಊರಿನ ಬೀದಿ. ಅಂದರೆ ಒಂದು ತಟ್ಟೆಯ ಎರಡು ಕಡೆಯಲ್ಲಿ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಎಂಬ ಇಬ್ಬರು ಗೆಳೆಯರು ತಮ್ಮ ತಮ್ಮ ಬಾಲ್ಯದ ಜಾಗ ನೆನೆದಿದ್ದಾರೆ. ಒಂದನ್ನು ಬಿಟ್ಟು ಇನ್ನೊಂದು ಕೇಳಿದರೆ ಅರ್ಧ ಮಾತು ಕೇಳಿದ ಹಾಗೆ.

'ಸ್ಟ್ರಾಬೆರಿ'ಯ ರೆಕಾರ್ಡಿಂಗ್ ನಡೆದಿದ್ದು ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ, 1966ರ ನವೆಂಬರ್, ಡಿಸೆಂಬರಿನಲ್ಲಿ. ಎರಡು ರೀತಿಯಲ್ಲಿ ಮಾಡಿದ್ದರು. ಒಂದು ಮೆತ್ತಗಿನದು. ಇನ್ನೊಂದರಲ್ಲಿ ಟ್ರಂಪೆಟ್, ದೊಡ್ಡ ಪಿಟೀಲಿನಂಥ ಚೆಲ್ಲೊ ಎಲ್ಲ ಸೇರಿ ಜೋರು. ಲೆನನ್‌ಗೆ ಒಂದರ ಶುರು ಇಷ್ಟ, ಇನ್ನೊಂದರ ಕೊನೆ ಇಷ್ಟ. ಎರಡನ್ನೂ ಜೋಡಿಸಿ ಅಂದರು. ಶ್ರುತಿಯೂ ಬೇರೆ, ಲಯವೂ ಬೇರೆ! ತಂಡದ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮರಿಕ್ ಟೇಪಿನ ವೇಗ ಹೆಚ್ಚುಕಮ್ಮಿ ಮಾಡಿ, ಶ್ರುತಿ ಕೂಡಿಸಿ, ಕತ್ತರಿಸಿ ಅಂಟಿಸಿದರು. ಹಾಡು ಶುರುವಾಗಿ ಸರಿಯಾಗಿ ಒಂದು ನಿಮಿಷಕ್ಕೆ ಆ ಜೋಡಣೆ ಬರುತ್ತದೆ.

ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಕೂಡಿಸುತ್ತಿದ್ದಾಗ ಎರಡು ಊರಿನ ಲೈನು ಸೇರುವ ಕ್ಷಣ ನಮಗೆ ಗೊತ್ತಾಗುತ್ತಿತ್ತು. ಮಾತಾಡುವವರಿಗೆ ಗೊತ್ತಾಗುತ್ತಿರಲಿಲ್ಲ. ಹಿಂದಿನ ಗಾಳಿ ಬದಲಾಗುತ್ತದೆ, ಒಂದು ಕೋಣೆ ಹೋಗಿ ಇನ್ನೊಂದು ಕೋಣೆ ಬರುತ್ತದೆ. ಈ ಹಾಡಿನಲ್ಲೂ ಹಾಗೇ. ಒಂದು ನಿಮಿಷ ಆಗುತ್ತಿದ್ದಂತೆ ದನಿ ದಪ್ಪವಾಗುತ್ತದೆ, ನಿದ್ದೆಗಣ್ಣಿನಲ್ಲಿ ಮಾತಾಡಿದ ಹಾಗೆ. ಚೆಲ್ಲೊ ಒಳಗೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೆಳಕ್ಕೆ ತಂತಿಗಳ ಮೇಲೆ ಬೆರಳು ಎಳೆದಂತೆ ಝಲ್ ಎನ್ನುತ್ತದೆ. ಅದು ಸ್ವರಮಂಡಲ! ಹಿಂದೂಸ್ತಾನಿ ಗಾಯಕರು ತೊಡೆಯ ಮೇಲಿಟ್ಟುಕೊಳ್ಳುವ ಅದೇ ವಾದ್ಯ. ನುಡಿಸಿದವರು ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್. 13 ವರ್ಷದವಳಾಗಿದ್ದಾಗ ನನಗೆ ಇದೊಂದೂ ಗೊತ್ತಿರಲಿಲ್ಲ. ಆ ಝಲ್ ಮಾತ್ರ ನಮ್ಮದೇ ಏನೋ ಅನಿಸುತ್ತಿತ್ತು.

ಈ ಹಾಡನ್ನು ಮರುಬಿಡುಗಡೆಗಳು ಹೇಗೆ ನೋಡಿಕೊಂಡವು ಅನ್ನುವುದೂ ಒಂದು ಕಥೆ. ಸಿಂಗಲ್ ಆಗಿ ಬಂದ ಹಾಡನ್ನು ಮತ್ತೆ ಆಲ್ಬಮ್ಮಿಗೆ ಹಾಕಿ ಜನರಿಂದ ಎರಡು ಸಲ ದುಡ್ಡು ತೆಗೆಯಬಾರದು ಅಂತ ಬ್ರಿಟನ್ನಿನಲ್ಲಿ ತಂಡಕ್ಕೊಂದು ಪದ್ಧತಿ ಇತ್ತು. ಒಳ್ಳೆಯ ಪದ್ಧತಿಯೇ. ಅದಕ್ಕಾಗಿ 1967ರ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನಲ್ಲಿ ಎರಡೂ ಹಾಡು ಇಲ್ಲ. ಅವನ್ನು ಬಿಟ್ಟಿದ್ದು ತನ್ನ ವೃತ್ತಿಯ ದೊಡ್ಡ ತಪ್ಪು ಎಂದು ಜಾರ್ಜ್ ಮಾರ್ಟಿನ್ ಆಮೇಲೆ ಹೇಳಿದರು. 1973ರಲ್ಲಿ ಕೆಂಪು, ನೀಲಿ ಎಂದು ಎರಡು ಜೋಡಿ ಆಲ್ಬಮ್ ಬಂದವು. ನೀಲಿಯದು 1967ರಿಂದ 1970ರ ಹಾಡುಗಳದ್ದು. ಅದರ ಮೊದಲ ಹಾಡೇ 'ಸ್ಟ್ರಾಬೆರಿ', ಎರಡನೆಯದು 'ಪೆನಿ ಲೇನ್'. ಅವರು ಸ್ಥಾನ ನೋಡಲಿಲ್ಲ, ಹಾಡು ನೋಡಿದರು.

2009ರ ಸೆಪ್ಟೆಂಬರ್ 9ರಂದು ಆಬಿ ರೋಡಿನವರು ನಾಲ್ಕು ವರ್ಷ ಕೆಲಸ ಮಾಡಿದ ಹೊಸ ಸಿ.ಡಿ.ಗಳು ಬಂದವು. ಸ್ಟೀರಿಯೊ ಒಂದು ಪೆಟ್ಟಿಗೆ, ಮೋನೊ ಒಂದು ಪೆಟ್ಟಿಗೆ. ಅಣ್ಣ ಮೋನೊ ತರಿಸಿದ. ನಾವು ಎದುರು ಮನೆಯಲ್ಲಿ ಕೇಳಿದ್ದೂ ಮೋನೊನೇ. ಅದು ಕೇಳಿದಾಗ ಇಬ್ಬರೂ ಮಾತಾಡಲಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದು 2017ರಲ್ಲಿ ಸಿಕ್ಕಿತು. 'ಸಾರ್ಜೆಂಟ್ ಪೆಪ್ಪರ್'ಗೆ 50 ವರ್ಷ ತುಂಬಿದಾಗ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಹೊಸದಾಗಿ ಮಿಕ್ಸ್ ಮಾಡಿದರು. ಆಲ್ಬಮ್ ಬ್ರಿಟನ್ನಿನಲ್ಲಿ ಮತ್ತೆ ಒಂದನೇ ಸ್ಥಾನಕ್ಕೆ ಬಂತು. ನಿಮ್ಮ ಬರಹದಲ್ಲಿ ಅಷ್ಟು ಹೇಳಿ ಬಿಟ್ಟಿದ್ದೀರಿ. ಅದರ ಎರಡನೇ ಸಿ.ಡಿ.ಯಲ್ಲಿ ಏನಿದೆ ಗೊತ್ತೇ? 'ಸ್ಟ್ರಾಬೆರಿ'ಯ ಟೇಕ್ 7 ಮತ್ತು ಟೇಕ್ 26. ಅಂಟಿಸುವ ಮೊದಲಿನ ಆ ಎರಡು ತುಂಡು, ಬೇರೆ ಬೇರೆಯಾಗಿ, ಪೂರ್ತಿ. ಟೇಕ್ 26 ಕೇಳಿದರೆ ಎಷ್ಟು ಓಡುತ್ತದೆ! ಅದನ್ನು ಎಷ್ಟು ಎಳೆದು ನಿಧಾನ ಮಾಡಿದ್ದಾರೆ ಅಂತ ಆಗ ಅರ್ಥವಾಗುತ್ತದೆ. ಇನ್ನು ಟೇಕ್ 7 ಒಂದೇ ಕೇಳಿ. ಒಂದು ನಿಮಿಷ ಕಳೆದಮೇಲೂ ಮೆತ್ತಗೇ ಹೋಗುತ್ತದೆ. 50 ವರ್ಷ ಆ ಜಾಗದಲ್ಲಿ ಚೆಲ್ಲೊ ಕೇಳಿದ ಕಿವಿ, ಬರಲಿಲ್ಲವಲ್ಲ ಅಂತ ಕಾಯುತ್ತದೆ. ಮರುಬಿಡುಗಡೆ ಎಂದರೆ ಹೀಗಿರಬೇಕು. ಅದೇ ಹಾಡುಗಳಿಗೆ ಸುಮ್ನೆ ಹೊಸ ಹೊದಿಕೆ ಹಾಕಿ ಮಾರುವುದಲ್ಲ. ಕೆಲಸ ಹೇಗಾಯಿತು ಅಂತ ತೋರಿಸಬೇಕು.

ಸ್ಥಾನಗಳನ್ನು ಬರೆಯಬೇಡಿ ಅಂತ ನಾನು ಹೇಳುತ್ತಿಲ್ಲ. 1964ರ ಏಪ್ರಿಲ್ 4ರಂದು ಅಮೆರಿಕದ ಪಟ್ಟಿಯ ಮೊದಲ ಐದೂ ಸ್ಥಾನ ಅವರವೇ ಆಗಿದ್ದವು ಎಂದು ನೀವು ಬರೆದಿದ್ದೀರಿ. ಅದು ಓದಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. 2023ರ ನವೆಂಬರಿನಲ್ಲಿ 'ನೌ ಅಂಡ್ ದೆನ್' ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋದ ದಿನ ನಾನು ಅಣ್ಣನ ಫೋಟೊ ಮುಂದೆ ನಿಂತು ಹೇಳಿದೆ. ಅದಕ್ಕೆ ಹಿಂದಿನ ಒಂದನೇ ಸ್ಥಾನ 1969ರದು, 54 ವರ್ಷ ಹಿಂದಿನದು. ಇವೆಲ್ಲ ಬರೆಯಿರಿ. ಆದರೆ ಯಾವ ಹಾಡು ಉಳಿಯಬೇಕು, ಯಾವುದನ್ನು ಮಕ್ಕಳಿಗೆ ಕೇಳಿಸಬೇಕು ಅಂತ ಆ ಅಂಕಿಗೆ ಬಿಟ್ಟುಕೊಡಬೇಡಿ. ಇವತ್ತು ಸ್ಪಾಟಿಫೈನಲ್ಲಿ ಬೀಟಲ್ಸ್ ಹಾಡುಗಳಲ್ಲಿ ಜನ ಅತಿ ಹೆಚ್ಚು ಕೇಳಿರುವುದು ಹ್ಯಾರಿಸನ್ ಬರೆದ 'ಹಿಯರ್ ಕಮ್ಸ್ ದ ಸನ್'. ಅದು ಆ ಕಾಲದಲ್ಲಿ ಬ್ರಿಟನ್ನಿನಲ್ಲಾಗಲಿ ಅಮೆರಿಕದಲ್ಲಾಗಲಿ ಸಿಂಗಲ್ ಆಗಿ ಬಂದೇ ಇಲ್ಲ. '1'ರಲ್ಲಿ ಅದೂ ಇಲ್ಲ.

ಹಾಗಾಗಿ ಹೊಸಬರಿಗೆ ಒಂದೇ ಸಂಗ್ರಹ ಹೇಳಬೇಕು ಅಂತಿದ್ದರೆ ಆ ಕೆಂಪು, ನೀಲಿ ಜೋಡಿ ಹೇಳಿ. 2023ರಲ್ಲಿ ಅದಕ್ಕೆ ಇನ್ನೂ 21 ಹಾಡು ಸೇರಿಸಿ ಮತ್ತೆ ತಂದಿದ್ದಾರೆ. 'ಪ್ಲೀಸ್ ಪ್ಲೀಸ್ ಮಿ' ಇದೆ, 'ಹಿಯರ್ ಕಮ್ಸ್ ದ ಸನ್' ಇದೆ, 'ಸ್ಟ್ರಾಬೆರಿ' ನೀಲಿಯದರ ಬಾಗಿಲಲ್ಲೇ ಇದೆ. ಅಣ್ಣನ ಮೊಮ್ಮಗಳಿಗೆ ನಾನು ಅದನ್ನೇ ಹಾಕಿಕೊಟ್ಟೆ. ಒಂದು ನಿಮಿಷಕ್ಕೆ ಬೆರಳೆತ್ತಿ "ಇಲ್ಲಿ ಕೇಳು" ಅಂದೆ. ಮೂರನೇ ಸಲಕ್ಕೆ ಅವಳಿಗೂ ಸಿಕ್ಕಿತು.

ಇನ್ನೊಂದು ತಿದ್ದುಪಡಿ ಇದೆ. ಮೂರನೇ ಕಾಲಂನಲ್ಲಿ 'ಸ್ಟ್ರಾಬೆರಿ ಫೀಲ್ಡ್ಸ್' ಅನ್ನು 'ಪೆನಿ ಲೇನ್‌ನ ಹಿಂಬದಿ ಹಾಡು' ಎಂದು ಬರೆದಿದ್ದೀರಿ. ಅದು ಹಿಂಬದಿಯಲ್ಲ. ಎರಡನ್ನೂ ಎ ಸೈಡ್, ಅಂದರೆ ಮುಖ್ಯ ಹಾಡು, ಎಂದೇ ಬಿಟ್ಟಿದ್ದರು. ಮುಂದಿನ ಭಾನುವಾರ ಒಂದು ಸಾಲಿನಲ್ಲಿ ತಿದ್ದಿದರೂ ಸಾಕು.

ಇತಿ,
ನಿವೃತ್ತ ಟೆಲಿಫೋನ್ ಆಪರೇಟರ್, ಮೈಸೂರು